ಕಮಲಾ ಹಂಪನಾ: ಪ್ರಾಂಶುಪಾಲೆ ಮತ್ತು ಗ್ರಂಥಸಂಪಾದಕಿ

ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಮಹಿಳೆಗೆ ಎರಡು ಸ್ಥಾನಗಳು ಸುಲಭವಾಗಿ ದೊರೆತಿವೆ: ಒಂದು ಕವಯಿತ್ರಿಯದು, ಇನ್ನೊಂದು ಆಶ್ರಯದಾತೆಯದು. ಹಳೆಯ ಕೃತಿಯ ಪಾಠವನ್ನು ಪರಿಷ್ಕರಿಸಿ ಮುಂದಿನ ತಲೆಮಾರಿಗೆ ದಾಟಿಸುವ ವಿದ್ವಾಂಸೆಗೆ ಸಲ್ಲಬೇಕಾದ ಸ್ಥಾನ ಇನ್ನೂ ಸ್ಪಷ್ಟವಾಗಿಲ್ಲ. ಡಾ. ಕಮಲಾ ಹಂಪನಾ (1935–2024) ಅವರ ಬದುಕನ್ನು ಈ ಕೊರತೆಯ ಹಿನ್ನೆಲೆಯಲ್ಲಿ ಓದಬೇಕು.

ದೇವನಹಳ್ಳಿಯಲ್ಲಿ ಜನಿಸಿ, ತುಮಕೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಆನರ್ಸ್ ಓದಿದ ಅವರು 1959ರಲ್ಲಿ ಅಧ್ಯಾಪನಕ್ಕೆ ಬಂದರು. ಮುಂದೆ ಮಹಾರಾಣಿ ಮಹಿಳಾ ಕಾಲೇಜಿನ ಪ್ರಾಂಶುಪಾಲೆಯಾದರು. 2003ರಲ್ಲಿ ಮೂಡುಬಿದಿರೆಯ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಅವರಿಗಿಂತ ಮೊದಲು ಆ ಪೀಠವೇರಿದ ಮಹಿಳೆಯರು ಇಬ್ಬರೇ: ಜಯದೇವಿತಾಯಿ ಲಿಗಾಡೆ (1974) ಮತ್ತು ಶಾಂತಾದೇವಿ ಮಾಳವಾಡ (2000).

ಇಂಥ ಪದವಿಗಳ ಪಟ್ಟಿಯಲ್ಲಿ ಅವರ ನಿಜವಾದ ಕೆಲಸ ಮರೆಯಾಗಬಾರದು. ‘ತುರಂಗ ಭಾರತ’ವನ್ನು ಕುರಿತು ಅವರು ಸಂಶೋಧನೆ ನಡೆಸಿದರು, ಕೆ.ಆರ್. ಶೇಷಗಿರಿ ಅವರೊಡನೆ ‘ಚಾವುಂಡರಾಯ ಪುರಾಣ’ವನ್ನು ಸಂಪಾದಿಸಿದರು. ಕ್ರಿ.ಶ. 978ರ ಈ ಕೃತಿ ಬಹುಮಟ್ಟಿಗೆ ಗದ್ಯ. ಪದ್ಯದಲ್ಲಿ ಲಿಪಿಕಾರ ತಪ್ಪಿದರೆ ಗಣವೋ ಪ್ರಾಸವೋ ಅದನ್ನು ತೋರಿಸಿಕೊಡುತ್ತದೆ. ಗದ್ಯಕ್ಕೆ ಆ ಕಾವಲಿಲ್ಲ. ಪ್ರತಿಗಳನ್ನು ಹೋಲಿಸುವ ಶ್ರಮ ಮತ್ತು ಭಾಷೆಯ ಒಳಪರಿಚಯ ಇವೆರಡೇ ಅಲ್ಲಿ ಸಂಪಾದಕರ ಆಧಾರ.

ಅವರು ಅತ್ತಿಮಬ್ಬೆಯನ್ನು ಕುರಿತು ಬರೆದದ್ದೂ ಇದೇ ಆಸಕ್ತಿಯ ಮುಂದುವರಿಕೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿದ ಆ ಮಹಿಳೆಯನ್ನು ಪರಂಪರೆ ‘ದಾನಚಿಂತಾಮಣಿ’ ಎಂದು ಕೊಂಡಾಡಿತು. ಆ ಬಿರುದು ಔದಾರ್ಯವನ್ನು ಎತ್ತಿಹಿಡಿದಷ್ಟು ಗ್ರಂಥರಕ್ಷಣೆಯ ವಿವೇಕವನ್ನು ಎತ್ತಿಹಿಡಿಯುವುದಿಲ್ಲ. ಕೃತಿಯನ್ನು ಉಳಿಸುವುದು ದಾನ ಮಾತ್ರವಲ್ಲ, ಜ್ಞಾನಕಾರ್ಯವೂ ಹೌದು.

ಕಾಲೇಜಿನ ಆಡಳಿತ ವಿದ್ವತ್ತಿನ ವೇಳೆಯನ್ನು ಕಸಿಯುತ್ತದೆ ಎಂಬ ಮಾತಿದೆ, ಅದು ಸುಳ್ಳಲ್ಲ. ಆದರೆ ಮಹಿಳಾ ಕಾಲೇಜಿನ ಮಟ್ಟಿಗೆ ಅದು ಅರ್ಧಸತ್ಯ. ಗ್ರಂಥಸಂಪಾದನೆ ಬಹುಕಾಲ ಪುರುಷರ ಕ್ಷೇತ್ರವೆನಿಸಿದ್ದ ನಾಡಿನಲ್ಲಿ, ಹಳಗನ್ನಡದ ಪಾಠನಿರ್ಣಯ ಮಾಡಬಲ್ಲ ಮಹಿಳೆಯೊಬ್ಬರು ಪ್ರಾಂಶುಪಾಲರ ಕುರ್ಚಿಯಲ್ಲಿದ್ದುದೇ ವಿದ್ಯಾರ್ಥಿನಿಯರಿಗೆ ಒಂದು ಪಾಠ.

ಆ ಪಾಠ ಇಂದು ಎಲ್ಲಿಗೆ ಮುಟ್ಟಬೇಕು? ಅವರು ಓದಿದ ತುಮಕೂರು ಜಿಲ್ಲೆಯನ್ನೇ ನೋಡಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುವ ಹೆಣ್ಣುಮಕ್ಕಳಿದ್ದಾರೆ. ಅವರ ಹಳಗನ್ನಡ ಸಾರಾಂಶ ಮತ್ತು ಪ್ರಶ್ನೋತ್ತರಗಳಲ್ಲಿಯೇ ಮುಗಿದರೆ ನಾಳೆ ಸಂಪಾದಕಿಯರು ಹುಟ್ಟುವುದಿಲ್ಲ. ಉಂಡೆಕೊಬ್ಬರಿಗಾಗಿ ಕಾಯಿಯನ್ನು ಅಟ್ಟದಲ್ಲಿಟ್ಟು ತಿಂಗಳುಗಟ್ಟಲೆ ಕಾಯುವ ಜನರಿಗೆ ತಾಳ್ಮೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದನ್ನು ಪಠ್ಯದ ಕಡೆಗೆ ತಿರುಗಿಸಬೇಕು.

ಚಾವುಂಡರಾಯನ ಗದ್ಯದ ಒಂದು ಭಾಗವನ್ನಾದರೂ ಪಾಠಾಂತರಗಳ ಸಮೇತ ತರಗತಿಯಲ್ಲಿ ಓದಿಸುವುದು ಯಾವ ಕಾಲೇಜಿಗೂ ಅಸಾಧ್ಯವಲ್ಲ. ಕಮಲಾ ಹಂಪನಾ ಅವರ ಸ್ಮರಣೆಗೆ ಭಾವಚಿತ್ರದ ಅನಾವರಣಕ್ಕಿಂತ ಅದೇ ಹೆಚ್ಚು ತಕ್ಕದ್ದು.