ಚಿಮ್ಮಡದವ ಅಂತ ಕರೆದವರು ಯಾರು?

ನಮ್ಮ ಕಡೆಯ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಹೆಸರು ಕೇಳುತ್ತಾರೆ. ಹೇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: "ಸರ್‌ನೇಮ್ ಏನು?" ಕೇಳುವವರಿಗೆ ಬೇಕಾಗಿರುವುದು ಜಾತಿ ಎಂಬುದು ಇಬ್ಬರಿಗೂ ಗೊತ್ತು. "ಚಿಮ್ಮಡ" ಎಂದು ಉತ್ತರ ಬಂದರೆ ಮಾತ್ರ ಅವರಿಗೆ ದಾರಿ ತಪ್ಪುತ್ತದೆ.

ಇತ್ತ ನಮ್ಮವರೂ ಕಡಿಮೆ ಇಲ್ಲ. ಮನೆತನದ 'ಮೂಲ' ಹುಡುಕುವ ಹುಚ್ಚು ಈಗ ವಾಟ್ಸಾಪಿನಲ್ಲಿ ಜೋರಾಗಿದೆ. ಪ್ರತಿ ಅಡ್ಡಹೆಸರಿನ ಹಿಂದೆ ಒಬ್ಬ ರಾಜ, ಒಂದು ಕೋಟೆ, ಒಂದು ಯುದ್ಧ. ಮನೆ ಮಾಲೀಕರ ತಪ್ಪೂ ಈ ವಂಶಾವಳಿಕಾರರ ತಪ್ಪೂ ಒಂದೇ: ಅಡ್ಡಹೆಸರನ್ನು ರಕ್ತದ ಗುರುತು ಎಂದು ಓದುವುದು. ಅದು ಹೆಚ್ಚಾಗಿ ಹೇಳುವುದು ನಮ್ಮ ಹಿರಿಯರು ಎಲ್ಲಿಂದ ಎದ್ದು ಬಂದರು, ಏನು ಮಾಡಿ ಹೊಟ್ಟೆ ಹೊರೆದರು ಎಂಬುದನ್ನು.

ಚಿಮ್ಮಡದೊಳಗೆ ನಿಂತು "ಚಿಮ್ಮಡದವನೇ" ಎಂದು ಕೂಗಿ ನೋಡಿ. ಯಾರನ್ನು ಕರೆದಂತಾಯಿತು? ಇಡೀ ಊರನ್ನೇ. ಊರೊಳಗೆ ಈ ಹೆಸರಿಗೆ ಕೆಲಸವಿಲ್ಲ. ಅದು ಹುಟ್ಟುವುದು ಮನುಷ್ಯ ಗಂಟುಮೂಟೆ ಕಟ್ಟಿಕೊಂಡು ಬನಹಟ್ಟಿಗೋ ಮುಧೋಳಕ್ಕೋ ಹೋದಾಗ, ಅಲ್ಲಿನ ಓಣಿಯವರು "ಆ ಚಿಮ್ಮಡದವರ ಮನೆ" ಎಂದು ಗುರುತು ಹೇಳಿದಾಗ. ಬನಹಟ್ಟಿ ಬಿಟ್ಟವರು ಬನಹಟ್ಟಿಯವರಾದರು, ಬೀಳಗಿ ಬಿಟ್ಟವರು ಬೀಳಗಿಯವರಾದರು. ಊರಿನ ಹೆಸರು ಹೊತ್ತವರೆಂದರೆ ಊರು ಬಿಟ್ಟವರು. ಹೆಸರಿಟ್ಟವರು ನೆರೆಹೊರೆಯವರು.

ನಾಮವಿಜ್ಞಾನದ ಬಗ್ಗೆ ಬರೆದ ಎಂ.ಎಂ. ಕಲಬುರ್ಗಿಯವರನ್ನೇ ನೋಡಿ. 1938ರಲ್ಲಿ ಅವರು ಹುಟ್ಟಿದ್ದು ಕಲಬುರ್ಗಿಯಲ್ಲಲ್ಲ, ಸಿಂದಗಿ ಸೀಮೆಯ ಯರಗಲ್ಲಿನಲ್ಲಿ. ಅಡ್ಡಹೆಸರು ನಂಬಿ ಅವರ ಊರು ಹುಡುಕಹೊರಟವನು ಬೇರೆ ಜಿಲ್ಲೆಗೇ ಹೋಗಿ ಇಳಿಯುತ್ತಾನೆ.

ಉಳಿದ ಅಡ್ಡಹೆಸರುಗಳಲ್ಲಿ ಅರ್ಧ ಕಸುಬಿನವು: ಬಡಿಗೇರ, ಕಂಬಾರ, ಪತ್ತಾರ, ಹೂಗಾರ. ಇನ್ನು ಕೆಲವು ಸಂತೆಯಿಂದ ಎದ್ದು ಬಂದವು: ಬೆಲ್ಲದ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಪಾಟೀಲ, ಕುಲಕರ್ಣಿ ಎಂಬವು ಹುದ್ದೆಗಳು. 1961ರ ಕಾಯ್ದೆ ವಂಶಪಾರಂಪರ್ಯದ ಆ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿತು, ಹೆಸರು ಉಳಿಯಿತು. ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಮುಸಲ್ಮಾನರೂ ಇದ್ದಾರೆ. ಯಾವ ರಕ್ತ ಎಂದು ಓದುತ್ತೀರಿ? ಅರಸರ ಕಥೆಯೂ ಬೇರೆಯಲ್ಲ. ಜಮಖಂಡಿ ಆಳಿದ ಪಟವರ್ಧನರ ಬುಡ ಕೊಂಕಣದಲ್ಲಿದೆ. ಮುಧೋಳದ ಘೋರ್ಪಡೆಯವರು ತಮ್ಮ ಹೆಸರಿಗೆ ಉಡದ ಸಹಾಯದಿಂದ ಕೋಟೆ ಹತ್ತಿದ ಕಥೆ ಹೇಳುತ್ತಾರೆ. ರಾಜರೂ ವಲಸೆ ಬಂದವರೇ.

ಇದು ನಮ್ಮ ಸೀಮೆಯ ವಿಚಿತ್ರ ಎಂದುಕೊಳ್ಳಬೇಡಿ. ಐರ್ಲೆಂಡಿನವರು ಅಜ್ಜ-ಮುತ್ತಜ್ಜರ ಹೆಸರಿಗೆ 'ಓ' ಸೇರಿಸಿ, ಅಪ್ಪನ ಹೆಸರಿಗೆ 'ಮ್ಯಾಕ್' ಸೇರಿಸಿ ಮನೆತನ ಹೇಳುತ್ತಿದ್ದರು. ನಾವು ಬಸಪ್ಪನವರ, ಬೊಮ್ಮಣ್ಣವರ ಎಂದ ಹಾಗೆ. 1465ರಲ್ಲಿ ಇಂಗ್ಲಿಷರ ಆಳ್ವಿಕೆ ಡಬ್ಲಿನ್ ಸುತ್ತಲಿನ ಐರಿಶರಿಗೆ ಕಾನೂನು ಮಾಡಿತು: ಊರಿನದೋ, ಬಣ್ಣದ್ದೋ, ಕಸುಬಿನದೋ ಒಂದು ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಿ. ಇನ್ನು ವಾಲ್ಶ್ ಎಂಬ ಹೆಸರು ಇವತ್ತು ಅಪ್ಪಟ ಐರಿಶ್ ಅನಿಸುತ್ತದೆ. ಅದರ ಅರ್ಥ 'ವೇಲ್ಸ್‌ನಿಂದ ಬಂದವನು'. ಅವರ ಚಿಮ್ಮಡದವ ಅವನು.

ಇಲ್ಲೊಂದು ತಕರಾರು ಬರುತ್ತದೆ, ಬರಬೇಕು. ಎಲ್ಲ ಅಡ್ಡಹೆಸರೂ ಇಷ್ಟು ಹಗುರವಲ್ಲ. ಮಾದರ, ಹರಿಜನ ಎಂದು ಶಾಲೆಯ ದಾಖಲೆಯಲ್ಲಿ ಬರೆಸಿಕೊಂಡ ಮಗುವಿಗೆ ಅದು ವಲಸೆಯ ನೆನಪಾಗುವುದಿಲ್ಲ, ಹಾಜರಿ ಕೂಗಿದಾಗಲೆಲ್ಲ ಬೀಳುವ ಪೆಟ್ಟಾಗುತ್ತದೆ. ಆ ಹೆಸರನ್ನು ಇಟ್ಟವರೂ ಬೇರೆಯವರೇ. ಅದನ್ನು ಕಿತ್ತೊಗೆದು ಅಜ್ಜನ ಹೆಸರನ್ನೋ ಊರಿನ ಹೆಸರನ್ನೋ ಇಟ್ಟುಕೊಳ್ಳುವವರನ್ನು "ಮೂಲ ಮರೆಮಾಚುತ್ತಾರೆ" ಎಂದು ಆಡಿಕೊಳ್ಳುವವರಿಗೆ ನಾಚಿಕೆಯಾಗಬೇಕು. ಮೆಣಸಿನಕಾಯಿಯವರ ಮೂಲ ಏನು ಮೆಣಸಿನಗಿಡವೇ?

ಈ ಮಾತು ಈಗ ಯಾಕೆ ಎಂದರೆ ನಮ್ಮ ಜಿಲ್ಲೆ ಮತ್ತೆ ಮತ್ತೆ ಏಳುತ್ತಿರುವ ಜಿಲ್ಲೆ. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಹಳೇ ಊರಿನ ಭಾಗ ಹೋಯಿತು, ಬೀಳಗಿ ಕಡೆಯ ಹಳ್ಳಿಗಳು ಹೋದವು, ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಮುಂದಿದೆ. ಮುಳುಗಿದ ಊರಿಗೆ ಬಸ್ಸಿಲ್ಲ, ಬೋರ್ಡಿಲ್ಲ. ಅದರ ಹೆಸರು ಯಾರದೋ ಆಧಾರ್ ಕಾರ್ಡಿನ ಕೊನೆಯಲ್ಲಿ ಅಡ್ಡಹೆಸರಾಗಿ ಉಳಿದರೆ ಉಳಿಯಿತು. ಅದನ್ನೂ ಒಂದು ಇನಿಷಿಯಲ್ ಮಾಡಿ, ಚುಕ್ಕೆ ಇಟ್ಟು ಮುಗಿಸುತ್ತಿದ್ದೇವೆ.

ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು. ಅಡ್ಡಹೆಸರಿನ ಹಿಂದಿನ ರಾಜನನ್ನು ಹುಡುಕುವುದು ಬಿಡಿ. ಮನೆಯಲ್ಲಿ ಆಯಿ ಇನ್ನೂ ಇದ್ದರೆ ಹತ್ತಿರ ಕೂತು ಕೇಳಿ: ಆ ಊರು ಯಾಕ ಬಿಟ್ವಿ? ಬರವೋ, ಸಾಲವೋ, ಪ್ಲೇಗೋ, ಮಗ್ಗದ ಕೂಲಿಯೋ, ದಾಯಾದಿ ಜಗಳವೋ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ಇನ್ನು ಯಾರಾದರೂ ಜಾತಿ ತಿಳಿಯಲು ನಿಮ್ಮ ಅಡ್ಡಹೆಸರು ಕೇಳಿದರೆ ಆ ಕಥೆಯನ್ನೇ ಪೂರ್ತಿ ಹೇಳಿ. ಕೇಳುವ ತಾಳ್ಮೆ ಇಲ್ಲದವರ ಮನೆಯಲ್ಲಿ ಬಾಡಿಗೆಗಿರುವುದೂ ಬೇಡ.