ಕಟ್ಟಡ ಬಿದ್ದದ್ದು ವಯಸ್ಸಾಗಿ ಅಲ್ಲ

ಮೈಸೂರಿನ ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ ಎರಡನ್ನೂ ಕೆಡವಿ ಹೊಸದಾಗಿ ಕಟ್ಟಿ ಎನ್ನುವವರ ವಾದಗಳಲ್ಲಿ ತೂಕವಿರುವುದು ಒಂದಕ್ಕೇ. ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ: ಜೀವಭಯ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಚಾವಣಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಉತ್ತರದ ಒಂದು ಭಾಗ ಬಿತ್ತು. ‘ಇನ್ನೆಷ್ಟು ಹೆಣ ಬೀಳಬೇಕು?’ ಎಂದು ಕೇಳುವವರ ಮುಂದೆ ಪರಂಪರೆಯ ಹಾಡು ಹಾಡುವುದು ಕ್ರೌರ್ಯ. ನಾನು ಹಾಡುವುದಿಲ್ಲ.

ಆದರೆ ಬಿದ್ದದ್ದೇಕೆ? ಇವು ಇಟ್ಟಿಗೆ, ಸುಣ್ಣದ ಗಾರೆ, ತೊಲೆಗಳ ಕಟ್ಟಡಗಳು. ಗಾರೆಯ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ. ಸೋರುವ ತಾರಸಿಯ ಮೇಲೆ ಪದರದ ಮೇಲೆ ಪದರ ಕಾಂಕ್ರೀಟ್ ಹಾಕಿದರೆ ಸೋರುವುದು ನಿಲ್ಲುವುದಿಲ್ಲ, ತೊಲೆಯ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ. ಬಿರುಕಿನಲ್ಲಿ ಮೊಳೆತ ಅರಳಿ ಗಿಡವನ್ನು ವರ್ಷ ವರ್ಷ ಕಿತ್ತುಹಾಕದಿದ್ದರೆ ಅದರ ಬೇರೇ ಗೋಡೆಯನ್ನು ಸೀಳುತ್ತದೆ. ಇದರಲ್ಲಿ ಬಾಡಿಗೆದಾರರ ಪಾಲೂ ಇದೆ. ಅಟ್ಟ ಕಟ್ಟಿ ಮೂಟೆ ಪೇರಿಸಿದವರು, ಒಳಗೋಡೆಗೆ ತೂತು ಕೊರೆದವರು ಅವರೇ. ಆದರೂ ತಾರಸಿಯ ನೀರು ಹರಿಯುವ ದಾರಿ ನೋಡಿಕೊಳ್ಳುವ ಹೊಣೆ ಬಾಡಿಗೆ ವಸೂಲು ಮಾಡುವವರದು. ನೂರು ವರ್ಷಕ್ಕೂ ಮೀರಿ ನಿಂತ ಗೋಡೆ ಬಿದ್ದದ್ದು ವಯಸ್ಸಿನಿಂದ ಎನ್ನುವುದಾದರೆ ಅರಮನೆಯನ್ನು ಬಿಡಿ, ಮಾರುಕಟ್ಟೆ ಪಕ್ಕದ ಚಿಕ್ಕ ಗಡಿಯಾರ ಗೋಪುರ ಯಾಕೆ ಇನ್ನೂ ನಿಂತಿದೆ? ಅಪಾಯದ ಭಾಗಕ್ಕೆ ಇಂದೇ ಆಸರೆ ಕೊಡಿ, ಉಳಿಯಲಾರದ ಗೋಡೆಯನ್ನು ಬಿಚ್ಚಿ ಗಾರೆಯಲ್ಲೇ ಕಟ್ಟಿ. ಅದಕ್ಕೆ ನಮ್ಮ ತಕರಾರಿಲ್ಲ. ಒಂದು ಮೂಲೆ ಬಿದ್ದದ್ದಕ್ಕೆ ಇಡೀ ಮಾರುಕಟ್ಟೆಯನ್ನು ನೆಲಸಮ ಮಾಡಬೇಕೆನ್ನುವುದಕ್ಕೆ ತಕರಾರು.

ತಜ್ಞರೇ ಹೇಳಿದ್ದಾರಲ್ಲ ಎನ್ನುತ್ತಾರೆ. ತಜ್ಞರು ಎರಡು ಮಾತು ಹೇಳಿದ್ದಾರೆ. ಸರ್ಕಾರದ ಸಮಿತಿ ಕೆಡವಿ ಎಂದಿತು; ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್ ದುರಸ್ತಿ ಸಾಧ್ಯ ಎಂದಿತು. ಒಂದನ್ನು ವಿಜ್ಞಾನ, ಇನ್ನೊಂದನ್ನು ಭಾವುಕತೆ ಎಂದು ವಿಂಗಡಿಸಿದವರು ಯಾರು? 2023ರಲ್ಲಿ ಹೈಕೋರ್ಟು ಕೆಡವುವುದರ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿತು, ನಿಜ. ಅರ್ಜಿ ವಜಾ ಆಯಿತೆಂದರೆ ಸರ್ಕಾರದ ಕೈಕಟ್ಟು ಬಿಚ್ಚಿತು ಎಂದಷ್ಟೇ, ಕೆಡವಲೇಬೇಕು ಎಂದಲ್ಲ. ಉಳಿಸುವ ಅಧಿಕಾರವೂ ಅದೇ ಕೈಯಲ್ಲಿದೆ.

‘ಅದೇ ಶೈಲಿಯಲ್ಲಿ ಮತ್ತೆ ಕಟ್ಟುತ್ತೇವೆ’ ಎಂಬ ಸಮಾಧಾನ ನನಗೆ ಎಲ್ಲಕ್ಕಿಂತ ಹೆಚ್ಚು ಕಸಿವಿಸಿ ಹುಟ್ಟಿಸುತ್ತದೆ. ಕಾಂಕ್ರೀಟ್ ಚೌಕಟ್ಟಿಗೆ ಕಮಾನಿನ ಮುಖವಾಡ ಹಾಕಿದರೆ ಅದು ಸಿನಿಮಾ ಸೆಟ್ಟು. ದಪ್ಪ ಗೋಡೆ, ಎತ್ತರದ ಚಾವಣಿ ಅಲಂಕಾರಕ್ಕೆ ಇರುವುದಲ್ಲ. ಮಲ್ಲಿಗೆ ಮಾಲೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಬೇಸಿಗೆಯ ಮಧ್ಯಾಹ್ನ ಬಾಡದೆ ಉಳಿಯಲು ಆ ತಂಪು ಬೇಕು. ಹೊಸ ಕಟ್ಟಡದಲ್ಲಿ ಫ್ಯಾನ್ ತಿರುಗುತ್ತದೆ, ಕರೆಂಟ್ ಬಿಲ್ ಹೂವು ಮಾರುವವಳ ಹೆಸರಿಗೆ ಬರುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನ ಕ್ರುಂಬಿಗಲ್ ಹಾಲ್ ಅನ್ನೂ ವರ್ಷಗಟ್ಟಲೆ ಪಾಳು ಬಿಟ್ಟು, ಪಾಳು ಬಿದ್ದಿದೆ ಎಂಬ ಕಾರಣಕ್ಕೇ 2017ರಲ್ಲಿ ಕೆಡವಿದರು. ಮೈಸೂರಿಗೂ ಅದೇ ಪಾಠ ಓದಿಸುತ್ತಿದ್ದಾರೆ.

ಪಾರ್ಕಿಂಗ್, ವ್ಯಾಪಾರ ಎನ್ನುವವರು ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ಗೆ ಒಮ್ಮೆ ಹೋಗಿಬರಲಿ. 1921ರ ಹಳೆಯ ಕಟ್ಟಡದ ಹಿಂದೆ 1990ರ ದಶಕದಲ್ಲಿ ಬಹುಮಹಡಿ ಸಂಕೀರ್ಣ ಎದ್ದಿತು. ಅದರ ನೆಲಮಾಳಿಗೆಯ ಪಾರ್ಕಿಂಗ್ ವರ್ಷಗಟ್ಟಲೆ ಕೆಲಸಕ್ಕೆ ಬರಲಿಲ್ಲ, ಮೇಲಿನ ಮಹಡಿಗಳು ಭಣಗುಟ್ಟಿದವು. ವ್ಯಾಪಾರ ನಡೆದದ್ದು ನೆಲದ ಮೇಲೆ, ಬೀದಿಯಲ್ಲಿ. ಸೊಪ್ಪು ಕೊಳ್ಳಲು ಯಾರೂ ಮೂರನೇ ಮಹಡಿ ಹತ್ತುವುದಿಲ್ಲ. ದೇವರಾಜ ಮಾರುಕಟ್ಟೆ ಬದುಕಿರುವುದೇ ಅದು ಒಂದಂತಸ್ತಿನದು ಎಂಬ ಕಾರಣಕ್ಕೆ.

ಲ್ಯಾನ್ಸ್‌ಡೌನ್ ಹೆಸರು ಗುಲಾಮಗಿರಿ ಎನ್ನುವವರೂ ಇದ್ದಾರೆ. 1892ರಲ್ಲಿ ವೈಸ್‌ರಾಯ್ ಬಂದ ನೆನಪಿಗೆ ಇಟ್ಟ ಹೆಸರದು. ಬೇಡವಾದರೆ ಫಲಕ ಬದಲಿಸಿ. ಅದಕ್ಕೆ ಬುಲ್‌ಡೋಜರ್ ಬೇಡ.

ಕೊನೆಯದು ಅಂಗಡಿಯವರ ಮಾತು. ಹಳೆಯವರಿಗೇ ಮೊದಲ ಹಂಚಿಕೆ ಎಂಬ ಭರವಸೆ ಕೊಡುತ್ತಾರೆ. ಎಲ್ಲಿಗೆ ಸ್ಥಳಾಂತರ, ಎಷ್ಟು ವರ್ಷ, ಹಿಂತಿರುಗಿದಾಗ ಬಾಡಿಗೆ ಎಷ್ಟು, ಠೇವಣಿ ಎಷ್ಟು ಎಂಬುದನ್ನು ಬರಹದಲ್ಲಿ ಕೊಡಲಿ. ಕುಂಕುಮದ ರಾಶಿ ಹಾಕಿ ಕೂರುವವನಿಗೆ ಎರಡು ವರ್ಷ ಗಿರಾಕಿ ತಪ್ಪಿದರೆ ಅಂಗಡಿ ಸಿಕ್ಕರೂ ಕಸುಬು ಸಿಗುವುದಿಲ್ಲ. ಅದರ ಜೊತೆಗೆ ಪಾಲಿಕೆ ಇನ್ನೊಂದು ಪಟ್ಟಿಯನ್ನೂ ಬಹಿರಂಗಪಡಿಸಲಿ: ಕುಸಿತಕ್ಕೆ ಮುಂಚಿನ ಹತ್ತು ವರ್ಷಗಳಲ್ಲಿ ಈ ಎರಡು ಕಟ್ಟಡಗಳಿಂದ ಬಂದ ಬಾಡಿಗೆ ಎಷ್ಟು, ಅವುಗಳ ತಾರಸಿಗೆ ಖರ್ಚಾದದ್ದು ಎಷ್ಟು.