ಗುಡ್ಡದ ಮೇಲಿನ ನಾಟ್ಯಶಾಲೆ

ನಾಟಕಕ್ಕೆ ರಂಗಮಂದಿರವುಂಟು, ಸಂಗೀತಕ್ಕೆ ಸಭಾಂಗಣವುಂಟು, ನೃತ್ಯಕ್ಕೆ? ಪರರ ಮನೆಯಲ್ಲಿ ಬಾಡಿಗೆಗಿದ್ದವರಂತೆ ನರ್ತಕರು ಬಹುಕಾಲ ಅನ್ಯಕಲೆಗಳ ವೇದಿಕೆಯ ಮೇಲೆಯೇ ಹೆಜ್ಜೆಯಿಡಬೇಕಾಗಿತ್ತು. ಅಮೆರಿಕದಲ್ಲಿಯೂ ಇದೇ ಪಾಡು. ಅಲ್ಲಿ ನೃತ್ಯಕ್ಕೆಂದೇ ಕಟ್ಟಿದ ಮೊದಲ ರಂಗಮಂದಿರ ತಲೆಯೆತ್ತಿದ್ದು 1942ರಲ್ಲಿ. ಅದೂ ಮೆಸಾಚುಸೆಟ್ಸ್ ಸಂಸ್ಥಾನದ ಗುಡ್ಡಗಾಡಿನ ಬೆಕೆಟ್ ಎಂಬ ಸಣ್ಣ ಊರಿನಲ್ಲಿ!

ಸ್ಥಳದ ಹೆಸರು ಜೇಕಬ್ಸ್ ಪಿಲ್ಲೊ, ಎಂದರೆ ಯಾಕೋಬನ ತಲೆದಿಂಬು. ಬೈಬಲ್ಲಿನ ಯಾಕೋಬನು ಕಲ್ಲಿಗೆ ತಲೆಯಿಟ್ಟು ಮಲಗಿ, ಸ್ವರ್ಗವನ್ನು ಮುಟ್ಟುವ ಏಣಿಯನ್ನು ಕನಸಿನಲ್ಲಿ ಕಂಡನಷ್ಟೆ. ಇಲ್ಲಿ ಬೆಟ್ಟವನ್ನು ಅಂಕುಡೊಂಕಾಗಿ ಏರುವ ದಾರಿಗೆ ಊರವರು ‘ಯಾಕೋಬನ ಏಣಿ’ ಎಂದರು. ತೋಟದ ಮನೆಯ ಹಿಂದಿದ್ದ ದಿಂಬಿನಾಕಾರದ ಬಂಡೆಯಿಂದ ಉಳಿದ ಹೆಸರು ಕೂಡಿಬಂದಿತು.

ಈ ತೋಟವನ್ನು 1931ರಲ್ಲಿ ಕೊಂಡವನು ಟೆಡ್ ಶಾನ್ ಎಂಬ ನರ್ತಕ. ಗಂಡಸು ಕುಣಿಯುವುದೆಂದರೆ ನಗೆಗೀಡೆಂದು ಜನ ಬಗೆದಿದ್ದ ಕಾಲವದು. ಶಾನ್ 1933ರಲ್ಲಿ ಗಂಡಸರದೇ ಒಂದು ಮೇಳವನ್ನು ಕಟ್ಟಿದ. ನೃತ್ಯಾಭ್ಯಾಸದ ನಡುವೆ ಈ ತರುಣರು ಗುದ್ದಲಿ, ಸುತ್ತಿಗೆ ಹಿಡಿದು ತೋಟದಲ್ಲಿ ಮನೆಗಳನ್ನೂ ಕಟ್ಟಿದರು. ನೋಡಬಂದ ಅತಿಥಿಗಳಿಗೆ ತಾವೇ ಚಹಾ ಬಡಿಸಿ, ಅನಂತರ ನರ್ತಿಸಿದರು. ಏಳು ವರ್ಷಗಳ ಸಂಚಾರದ ಬಳಿಕ 1940ರಲ್ಲಿ ಮೇಳ ಚದುರಿತು. ಉಳಿದದ್ದು ಸಾಲ. ಆ ನೆಲವನ್ನೇ ಮಾರಿಬಿಡುವ ಯೋಚನೆ ಅವನಿಗೆ ಬಂದಿತ್ತು.

ಅಷ್ಟರಲ್ಲಿ, 1941ರ ಬೇಸಗೆಯಲ್ಲಿ, ಬ್ಯಾಲೆಯ ಖ್ಯಾತರಾದ ಅಲಿಸಿಯಾ ಮಾರ್ಕೋವಾ ಮತ್ತು ಆಂಟನ್ ಡೋಲಿನ್ ಆ ಸ್ಥಳವನ್ನು ಗುತ್ತಿಗೆಗೆ ಪಡೆದು ನೃತ್ಯೋತ್ಸವ ನಡೆಸಿದರು. ಅದರ ಯಶಸ್ಸನ್ನು ಕಂಡ ಸುತ್ತಲಿನ ಅಭಿಮಾನಿಗಳು 50,000 ಡಾಲರು ಕೂಡಿಸಿ, ನೆಲವನ್ನು ಕೊಂಡು, ನಾಟ್ಯಶಾಲೆಯನ್ನೂ ಕಟ್ಟಿಸಿದರು. ನಿರ್ಮಿಸಿದವನು ಜೋಸೆಫ್ ಫ್ರಾನ್ಜ್ ಎಂಬ ಇಂಜಿನಿಯರು. ಹೊರನೋಟಕ್ಕೆ ಅದೊಂದು ಹಳ್ಳಿಯ ಕಣಜ: ಮರದ ಗೋಡೆ, ದಪ್ಪ ತೊಲೆ, ಇಳಿಜಾರು ಮಾಡು. ವೇದಿಕೆಯ ಹಿಂಬದಿಯ ಬಾಗಿಲುಗಳನ್ನು ತೆರೆದರೆ ಕಾಡೇ ಪರದೆ. ಯಾವ ಚಿತ್ರಕಾರ ತಾನೆ ಅಂಥದನ್ನು ಬರೆದಾನು! ಮಾಡಿನ ತುದಿಯಲ್ಲಿ ಗಾಳಿಯ ದಿಕ್ಕನ್ನು ತೋರಲು ಕೋಳಿಯ ಬದಲಿಗೆ ಮೇಳದ ನರ್ತಕನೊಬ್ಬನ ಆಕೃತಿಯನ್ನು ನಿಲ್ಲಿಸಿದರು.

ಪ್ರಾರಂಭೋತ್ಸವ 1942ರ ಜುಲೈ 9ರಂದು. ಯುದ್ಧಕಾಲ, ಪೆಟ್ರೋಲಿಗೂ ಟೈರಿಗೂ ಪಡಿತರ. ಆದರೂ ಪ್ರೇಕ್ಷಕರು ಬಂದರು, ಕೆಲವರು ಗುಡ್ಡವನ್ನು ನಡೆದೇ ಹತ್ತಿ, ಕೆಲವರು ಕುದುರೆಯೇರಿ.

ನಮ್ಮ ನಾಡಿಗೂ ಈ ವೇದಿಕೆಗೂ ನಂಟಿಲ್ಲದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲ್ 1954ರಲ್ಲಿ ಇಲ್ಲಿ ನರ್ತಿಸಿದರು. 1962ರಲ್ಲಿ ಬಾಲಸರಸ್ವತಿಯವರು ಬಂದರು. ಕಣ್ಣಂಚಿನ ಒಂದು ಚಲನೆಯಲ್ಲಿ ಭಾವವನ್ನೆಲ್ಲ ಹಿಡಿದಿಡುವ ಅವರ ಅಭಿನಯಕ್ಕೆ ಸುಮಾರು 600 ಆಸನಗಳ ಈ ಮರದ ಮನೆ ಎಷ್ಟು ಒಪ್ಪಿರಬೇಕು!

ಶಾನ್ 1972ರಲ್ಲಿ ತೀರಿಕೊಂಡ. ಆ ನೆಲಕ್ಕೆ 2003ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ದೊರೆಯಿತು. 2020ರ ನವೆಂಬರಿನಲ್ಲಿ ಅದೇ ಆವರಣದ ಕಿರಿಯ ರಂಗಮಂದಿರ ಬೆಂಕಿಗೆ ಆಹುತಿಯಾಗಿ, ಅದರ ಜಾಗದಲ್ಲಿ 2025ರಲ್ಲಿ ಹೊಸದು ತೆರೆಯಿತು. ಶಾನನ ಹೆಸರನ್ನು ಹೊತ್ತ ಹಳೆಯ ಮನೆ ಮಾತ್ರ ದುರಸ್ತಿಗೊಂಡು, ಅಲ್ಲೇ ನಿಂತು, ಬೇಸಗೆಯ ನರ್ತಕರಿಗೆ ನೆಲೆ ನೀಡುತ್ತಿದೆ.